ಹಂಬರ್ ಸೈಕಲ್ಲಿನ ಅಡ್ಡಪೈಪು

ಜಯಪುರದ ಬಸ್‌ಸ್ಟ್ಯಾಂಡಿನ ಹಿಂಬದಿಗೆ ದೇವಪ್ಪನ ಸೈಕಲ್ ಶಾಪ್. ಹೆಸರಿಗಷ್ಟೇ ಸೈಕಲ್ ಶಾಪ್. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಅಲ್ಲಿಗೆ ಬರುತ್ತಿದ್ದದ್ದೆಲ್ಲ ಮೊಪೆಡ್ಡಿನ ಪಂಚರು, ಬೈಕಿನ ಪಂಚರು, ಜೀಪಿನ ಟ್ಯೂಬು. ಕಣ್ಣು ಮುಚ್ಚಿಕೊಂಡು ಬರೀ ಬೆರಳ ತುದಿಯಲ್ಲಿ ಚಕ್ರದ ಬೆಂಡು ತೆಗೆಯಬಲ್ಲ ಮನುಷ್ಯ, ಐವತ್ತೆರಡನೇ ವಯಸ್ಸಿನಲ್ಲಿ, ದಿನವಿಡೀ ಬಾನಿಯ ನೀರಿಗೆ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತ ಕೂರುತ್ತಿದ್ದ.

ದಸರಾಕ್ಕೆ ಎರಡು ವಾರ ಇರುವಾಗ ಒಂದು ಬೆಳಿಗ್ಗೆ ಬಸರೀಕಟ್ಟೆಯ ಜೀಪು ಬಂದು ನಿಂತಿತು. ನೆತ್ತಿಯಿಂದ ಬಾಳೆಗೊನೆ ಇಳಿಯಿತು, ಗೊಬ್ಬರದ ಖಾಲಿ ಚೀಲದ ಕಟ್ಟು ಇಳಿಯಿತು, ಆಮೇಲೆ ತುಕ್ಕು ಹಿಡಿದ ಸೈಕಲ್ಲೊಂದು ಇಳಿಯಿತು. "ಮೆಲ್ಲಗೆ ಮಾರಾಯ, ಅದಕ್ಕೆ ನಿನ್ನಪ್ಪನಷ್ಟು ವಯಸ್ಸಾಗಿದೆ" ಅಂತ ಕ್ಲೀನರಿಗೆ ಬೈಯುತ್ತ ಗುಡ್ಡಮ್ಮನೂ ಇಳಿದಳು.

ಗುಡ್ಡಮ್ಮನಿಗೆ ಅರವತ್ನಾಲ್ಕು. ಬಸರೀಕಟ್ಟೆಯ ಆಚೆ, ಜನ ಬಂಗಲೆ ಅಂತಲೇ ಕರೆಯುವ ಕಾಫಿ ಎಸ್ಟೇಟಿನಲ್ಲಿ ನಲವತ್ತು ವರ್ಷ ಹಣ್ಣು ಕುಯ್ದವಳು. ಅದರ ಜೊತೆಗೆ ಕೂಲಿಯವರ ಸಾಲುಮನೆಗಳ ಲೈನಿನ ಹೆರಿಗೆಗಳನ್ನೆಲ್ಲ ಮಾಡಿಸಿದವಳು. ಲೈನಿನದು ಮಾತ್ರ ಅಲ್ಲ, ದೇವಪ್ಪನ ಮಗಳು ಕಾವ್ಯ ಭೂಮಿಗೆ ಬಿದ್ದದ್ದೂ ಇವಳ ಕೈಗೇ. ಹಾಗಾಗಿ ದೇವಪ್ಪ ಅವಳನ್ನು ಕಂಡರೆ ಕೂತಲ್ಲಿಂದ ಅರ್ಧ ಏಳುತ್ತಿದ್ದ.

"ಎಂತ ಗುಡ್ಡಕ್ಕ ಇದು?"

"ಸೈಕಲ್ಲು. ಕಣ್ಣು ಕಾಣ್ಸಲ್ವಾ?"

"ಕಾಣ್ಸುತ್ತೆ. ಗುಜರಿಗೆ ಹಾಕೂಕೆ ತಂದ್ರಾ ಅಂತ ಕೇಳಿದ್ದು."

"ನಿನ್ನ ಗುಜರಿಗೆ ಹಾಕ. ರಿಪೇರಿ ಮಾಡಿಕೊಡು. ದೀಪಾವಳಿ ಕಳೀತಿದ್ದಂಗೆ ಲೈನು ಖಾಲಿ ಮಾಡ್ಬೇಕಂತೆ, ಕಾಗದ ಬಂದಿದೆ. ಕೆಲಸ ನಿಂತ ಮೇಲೆ ಕೋಣೆ ಇಲ್ವಂತೆ. ಮುತ್ತಿನಕೊಪ್ಪದಲ್ಲಿ ಮಗಳ ಮನೆಗೆ ಹೋಗ್ತೀನಿ. ಪಾತ್ರೆ ಪಗಡ ಟೆಂಪೋದಲ್ಲಿ ಹೋಗ್ಲಿ. ನಾನು ಬಸರೀಕಟ್ಟೆ ತನಕ ಇದ್ರ ಮೇಲೆ ಹೋಗ್ತೀನಿ. ಬಂಗಲೆ ಎದುರಿಂದ. ಇಳಿಯದೆ."

ಇಳಿಯದೆ ಅನ್ನುವ ಮಾತು ಕೇಳಿ ದೇವಪ್ಪ ಕೈಯಲ್ಲಿದ್ದ ಟ್ಯೂಬು ಬಾನಿಗೆ ಬಿಟ್ಟು ಪೂರ್ತಿ ಎದ್ದು ನಿಂತ.

ಆ ಸೀಮೆಯಲ್ಲಿ ಐವತ್ತು ದಾಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೈನಿನಿಂದ ಬಸರೀಕಟ್ಟೆಗೆ ಬರುವ ದಾರಿ ಬಂಗಲೆಯ ಬೇಲಿಗುಂಟ ಎರಡು ಫರ್ಲಾಂಗು ಸಾಗುತ್ತದೆ. ಬೇಲಿಯ ಈ ತುದಿಗೊಂದು ಸಿಲ್ವರ್ ಓಕ್ ಮರ, ಆ ತುದಿಗೊಂದು ಸಿಲ್ವರ್ ಮರ. ಆ ಎರಡು ಮರಗಳ ನಡುವೆ ಬಂಗಲೆಯವರನ್ನು ಬಿಟ್ಟು ಇನ್ಯಾರೂ ಸೈಕಲ್ ಮೇಲೆ ಕೂರುವ ಹಾಗಿರಲಿಲ್ಲ. ಇಳಿಯಬೇಕು, ತಳ್ಳಿಕೊಂಡು ಹೋಗಬೇಕು, ಆಚೆ ಮರ ದಾಟಿದ ಮೇಲೆ ಹತ್ತಬೇಕು. ಇದನ್ನು ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಯಾರಾದರೂ ಮಸಿ ಬಳಿಯುತ್ತಿದ್ದರು. ಅದನ್ನು ಬರೆದದ್ದು ಜನರ ಮೊಣಕಾಲಿನ ಮೇಲೆ. ಸ್ವಾತಂತ್ರ್ಯದ ಮೆರವಣಿಗೆ ಅದೇ ರಸ್ತೆಯಲ್ಲಿ ಹೋಯಿತು, ಬಿಳಿ ದೊರೆ ಹೋದ, ನಮ್ಮವನೇ ಧಣಿ ಬಂದ, ಇಳಿಯುವುದು ಮಾತ್ರ ನಿಲ್ಲಲಿಲ್ಲ. ದೇವಪ್ಪನ ಅಪ್ಪ ಬಂಗಲೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಚಿಕ್ಕ ದೇವಪ್ಪನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಬರುವವನು ಮರ ಕಂಡದ್ದೇ ತಾನೂ ಇಳಿದು ಮಗನನ್ನೂ ಎತ್ತಿ ಇಳಿಸುತ್ತಿದ್ದ. ಮುಂದೆ ಉಳುವವನೇ ಒಡೆಯ ಅನ್ನುವ ಕಾನೂನು ಬಂದು ಗದ್ದೆ ಅಪ್ಪನ ಹೆಸರಿಗೇ ಆಯಿತು. ಆಮೇಲೂ ಇಳಿಯುತ್ತಿದ್ದ.

"ಈಗ ಯಾರು ಕೇಳ್ತಾರೆ ಅಕ್ಕ," ಅಂದ ದೇವಪ್ಪ. "ಧಣಿ ಹೋಗಿ ಹತ್ತು ವರ್ಷ ಆಯ್ತು. ಬಂಗಲೆ ಈಗ ಹೋಮ್‌ಸ್ಟೇ."

"ಯಾರೂ ಕೇಳಲ್ಲ ಅಂತ ನಂಗೂ ಗೊತ್ತು ಮಾರಾಯ. ಕೇಳೋರು ಇದ್ದಾಗ ಇಳಿದೆ. ಅವ್ರು ಸತ್ರು, ಅಷ್ಟೊತ್ತಿಗೆ ಸೈಕಲ್ ಕೆಟ್ಟು ಗೋಡೆ ಸೇರಿತ್ತು. ಒಂದೇ ಒಂದ್ಸಲ ಕೂತ್ಕೊಂಡು ಹೋಗದೆ ಆ ಜಾಗ ಬಿಟ್ರೆ, ಮುತ್ತಿನಕೊಪ್ಪದಲ್ಲಿ ಹಾಸಿಗೆ ಮೇಲೆ ಮಲಗಿರುವಾಗ ಈ ಕಾಲುಗಳು ನನ್ನನ್ನ ಸುಮ್ನೆ ಬಿಡ್ತಾವಾ?"

ಸೈಕಲ್ಲಿನ ಕತೆ ಹೀಗೆ. ಬಿಳಿ ದೊರೆ ಹೋಗುವಾಗ ಎಸ್ಟೇಟಿನ ದವಾಖಾನೆಗೆ ಅಂತ ಬಿಟ್ಟುಹೋದದ್ದು. ಅದನ್ನು ತುಳಿಯುತ್ತಿದ್ದವನು ಕಾಂಪೌಂಡರ್. ಎಪ್ಪತ್ತೊಂದರಲ್ಲಿ ದವಾಖಾನೆ ಮುಚ್ಚಿ ಕಾಂಪೌಂಡರ್ ಊರು ಬಿಡುವಾಗ ಗುಡ್ಡಮ್ಮನನ್ನು ಕರೆದು, "ಇನ್ನು ಮೇಲೆ ದವಾಖಾನೆ ಅಂದ್ರೆ ನೀನೇ" ಅಂತ ಸೈಕಲ್ ಅವಳ ಕೈಗೆ ಕೊಟ್ಟ. ತುಳಿಯುವುದನ್ನೂ ಅವನೇ ಕಲಿಸಿದ. ಆದರೆ ಅದು ಗಂಡಸರ ಸೈಕಲ್, ಸೀಟಿನಿಂದ ಹ್ಯಾಂಡಲಿಗೆ ನೆಟ್ಟಗೆ ಅಡ್ಡಪೈಪು. ಸೀರೆ ಉಟ್ಟವಳು ಅದನ್ನು ದಾಟಿ ಕೂರುವುದು ಹೇಗೆ? ಬಸರೀಕಟ್ಟೆಯ ಆಚಾರಿ ಆ ಪೈಪನ್ನು ಗರಗಸದಲ್ಲಿ ಕೊಯ್ದು ತೆಗೆದು, ನೀರಿನ ಪೈಪಿನದೊಂದು ತುಂಡು ಬಗ್ಗಿಸಿ ಕೆಳಗೆ ಓರೆಯಾಗಿ ಬೆಸೆದುಕೊಟ್ಟ. ಕುರೂಪ ಅಂದರೆ ಕುರೂಪ. ಆದರೆ ಇಪ್ಪತ್ತೊಂದು ವರ್ಷ ಅದರ ಮೇಲೆ ಗುಡ್ಡಮ್ಮ ಆರು ಎಸ್ಟೇಟಿನ ಹೆಂಗಸರ ಬಳಿಗೆ ಹೋಗಿ ಬಂದಳು.

"ಒಂದ್ಸಲ," ಅಂದಳು ಗುಡ್ಡಮ್ಮ, ಶಾಪಿನ ಬೆಂಚಿನ ಮೇಲೆ ಕೂತು, "ಮಟಮಟ ಮಧ್ಯಾಹ್ನ, ಆಚೆ ಲೈನಿನ ಹುಡುಗಿಗೆ ನೋವು ಜೋರಾಗಿದೆ ಅಂತ ಹೇಳಿ ಕಳಿಸಿದ್ರು. ಬೇಲಿ ಹತ್ರ ಬಂದೆ. ಧಣಿ ಜಗಲಿ ಮೇಲೆ ಕೂತಿದ್ರು. ಇಳಿದೆ. ಎರಡು ಫರ್ಲಾಂಗು ಓಡ್ತಾ ಓಡ್ತಾ ತಳ್ಳಿದೆ. ನಾನು ಹೋಗಿ ಮುಟ್ಟುವಾಗ ಆ ಹುಡುಗಿ ಆಗ ತಾನೆ ಹೋಗಿದ್ಲು, ಮೈ ಇನ್ನೂ ಬಿಸಿ ಇತ್ತು. ಹತ್ತಿಕೊಂಡು ಹೋಗಿದ್ರೆ ಉಳೀತಿದ್ಲಾ? ಗೊತ್ತಿಲ್ಲ ದೇವಾ. ಗೊತ್ತಿಲ್ಲ ಅನ್ನೋದೇ ನನ್ನ ಸಂಕಟ."

ದೇವಪ್ಪ ಒಳಗೆ ಹೋಗಿ ಒಂದು ಚಿಂದಿ ತಂದು ಸೀಮೆಎಣ್ಣೆಯಲ್ಲಿ ಅದ್ದಿ ಹಿಂದಿನ ಚಕ್ರದ ನಡುವಿನ ಹಬ್ಬನ್ನು ಒರೆಸತೊಡಗಿದ. ತುಕ್ಕಿನ ಅಡಿಯಿಂದ ಎರಡು ಅಂಕಿ ಮೂಡಿದವು. ಐದು, ನಾಲ್ಕು.

"ಅಕ್ಕಾ, ಐವತ್ನಾಲ್ಕನೇ ಇಸವಿ ಇದು! ನನಗಿಂತ ಒಂದು ವರ್ಷ ದೊಡ್ಡದು!"

ಅಲ್ಲಿಂದ ದೇವಪ್ಪನಿಗೆ ಹುಚ್ಚು ಹಿಡಿಯಿತು. ಅದು ಇಂಗ್ಲೆಂಡಿನ ಹಂಬರ್. ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಪಕ್ಕಕ್ಕೆ ಎರಡೆರಡು ಕಡ್ಡಿ, ಹಂಬರಿಗಲ್ಲದೆ ಇನ್ನೊಂದಕ್ಕಿಲ್ಲ. ಪೆಡಲಿನ ಹಲ್ಲುಚಕ್ರದೊಳಗೆ ಐದು ಪುಟ್ಟ ಮನುಷ್ಯರ ಆಕಾರ ಕಡೆದಿದ್ದರು. ಹಿಂದಿನ ಹಬ್ಬಿನ ಹೊಟ್ಟೆಯಲ್ಲಿ ಮೂರು ಗೇರು. ಇಂಥ ಸೈಕಲ್ಲಿನ ಚಿತ್ರ ನೋಡಿದ್ದ, ಬಿಚ್ಚಿ ಕೈ ಹಾಕಿದ್ದಿಲ್ಲ. ಪಂಚರಿನವರು ಬಂದರೆ "ನಾಳೆ ಬಾ" ಅನ್ನತೊಡಗಿದ. ಬಿಚ್ಚಿದ ಬೇರಿಂಗಿನ ಒಂದೊಂದು ಗುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹೆಂಡತಿಯ ಸಾಂಬಾರ ಬಟ್ಟಲುಗಳಲ್ಲಿ ವಿಂಗಡಿಸಿ ಇಟ್ಟ.

ಹೆಂಡತಿ ವನಜಮ್ಮ ಊಟದ ಬುತ್ತಿ ತಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಎಣ್ಣೆ ಹಚ್ಚೋದೇನು, ಬಿಸಿನೀರು ಹಾಕೋದೇನು, ಬಟ್ಟೇಲಿ ಸುತ್ತಿಡೋದೇನು! ನಾನು ಹೆತ್ತಾಗ ಒಂದು ಲೋಟ ನೀರು ಕಾಯಿಸಿಕೊಟ್ಟ ಮನುಷ್ಯ ಅಲ್ಲ, ಈಗ ಸೈಕಲ್ಲಿಗೆ ಬಾಣಂತನ ಮಾಡ್ತಿದ್ದಾರೆ."

"ನೀನು ಹೆತ್ತಾಗ ಗುಡ್ಡಕ್ಕ ಬಂದಿದ್ದು ಇದ್ರ ಮೇಲೇ ಮಾರಾಯ್ತಿ."

ವನಜಮ್ಮ ಆಮೇಲೆ ಬಟ್ಟಲು ವಾಪಸ್ ಕೇಳಲಿಲ್ಲ.

ಸಾಮಾನು ಎಲ್ಲಿ ಸಿಗಬೇಕು? ಅಂಗಡಿಯಲ್ಲಿ ಸಿಗುವ ಹೊಸ ಸೀಟು ಹಾಕಿದರೆ ಸೈಕಲ್ಲು ಓಡುತ್ತದೆ, ಯಾರೂ ಬೇಡ ಅನ್ನುವುದಿಲ್ಲ. ಆದರೆ ದೇವಪ್ಪ ಪಟ್ಟು ಹಿಡಿದ. ಐವತ್ನಾಲ್ಕರ ಸೈಕಲ್ಲಿಗೆ ಆ ಕಾಲದ ಸಾಮಾನೇ ಕೂರಬೇಕು. ಶೃಂಗೇರಿಯಲ್ಲಿ ಗೋದಾವರಮ್ಮ ಅನ್ನುವ ಮುದುಕಿಯ ಮನೆಯಲ್ಲಿ ಅಂಥ ಚರ್ಮದ ಸೀಟು ಇದೆ ಅಂತ ಯಾರೋ ಹೇಳಿದರು. ಗಂಡ ಡ್ರಿಲ್ ಮೇಷ್ಟ್ರಾಗಿದ್ದವರು, ಸೈಕಲ್ ಹೋದರೂ ಸೀಟನ್ನು ಮೊಳೆಗೆ ನೇತುಹಾಕಿಕೊಂಡಿದ್ದರು. ದೇವಪ್ಪ ಬಸ್ಸು ಹತ್ತಿ ಹೋದ.

ಗೋದಾವರಮ್ಮ ಸೀಟನ್ನು ಮಡಿಲಲ್ಲಿ ಇಟ್ಟುಕೊಂಡೇ ವಿಚಾರಣೆ ನಡೆಸಿದರು. "ಯಾರು ಕೂತ್ಕೊಳ್ಳೋದು ಇದ್ರ ಮೇಲೆ?"

"ಒಬ್ರು ಹೆಂಗಸು ಅಮ್ಮ. ಎಸ್ಟೇಟಿನವ್ರು. ಸೂಲಗಿತ್ತಿ."

"ವಯಸ್ಸೆಷ್ಟು?"

"ಅರವತ್ನಾಲ್ಕು."

ಗೋದಾವರಮ್ಮ ಸ್ವಲ್ಪ ಹೊತ್ತು ಚರ್ಮವನ್ನು ಅಂಗೈಯಿಂದ ಸವರಿದರು. "ಮೂವತ್ತು ವರ್ಷ ನನ್ನ ಯಜಮಾನರ ಸೈಕಲ್ ನಮ್ಮನೆ ಅಂಗಳದಲ್ಲಿ ನಿಂತಿತ್ತು. ಒಂದು ದಿನ, ಅವ್ರು ಸ್ನಾನಕ್ಕೆ ಹೋಗಿದ್ದಾಗ, ಹತ್ತಿ ಕೂತು ಬೆಲ್ ಮಾಡಿ ಇಳಿದೆ. ಅಷ್ಟೇ ನನ್ನ ಸವಾರಿ. ತಗೊಂಡ್ ಹೋಗಿ. ಅವ್ರಿಗೆ ಹೇಳಿ, ಚೆನ್ನಾಗಿ ಕೂತ್ಕೊಳ್ಳಿ ಅಂತ."

ಗೇರಿನ ಹೊಟ್ಟೆಯೊಳಗಿನ ಹಲ್ಲು, ಹಬ್ಬಿನಿಂದ ಹೊರಬರುವ ಗೆಜ್ಜೆಯಂಥ ಪುಟ್ಟ ಸರಪಳಿ, ಇವೆರಡು ಸಿಕ್ಕಿದ್ದು ನರಸಿಂಹರಾಜಪುರದಲ್ಲಿ, ರೇಣುಕಪ್ಪನ ಹತ್ತಿರ. ರೇಣುಕಪ್ಪ ಒಂದು ಕಾಲಕ್ಕೆ ಆ ಊರಿನಲ್ಲಿ ಬಾಡಿಗೆ ಸೈಕಲ್ ಇಟ್ಟಿದ್ದವನು. ಹಣೆಗೆ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಸುಮ್ಮನೆ ಕೊಡುವ ಗಿರಾಕಿ ಅಲ್ಲ, ಒಂದೊಂದು ಡಬ್ಬಿ ಬಿಚ್ಚಿ ಒಂದೊಂದು ಚೂರು ಎತ್ತಿ "ಇದೇನು ಹೇಳು?" ಅಂತ ಪರೀಕ್ಷೆ ಮಾಡಿದ. ದೇವಪ್ಪ ಎಲ್ಲಕ್ಕೂ ಉತ್ತರ ಹೇಳಿದ. ಆಗ ರೇಣುಕಪ್ಪ ಎದ್ದು ಕೊಟ್ಟಿಗೆಗೆ ಕರೆದುಕೊಂಡು ಹೋದ. ಅಲ್ಲಿ ಸೌದೆಯ ಹಿಂದೆ ಇನ್ನೊಂದು ಹಂಬರ್ ಸತ್ತು ಬಿದ್ದಿತ್ತು. ಫೋರ್ಕಿಲ್ಲ, ಚಕ್ರವಿಲ್ಲ, ಮೈ ಮಾತ್ರ ನೆಟ್ಟಗಿತ್ತು.

"ನಿನ್ನ ಸೈಕಲ್ಲಿಗೆ ಎಂತೆಂಥ ಗಾಯ ಆಗಿದೆ?" ಅಂದ ರೇಣುಕಪ್ಪ.

"ಎಲ್ಲಾ ಸರಿ. ಅಡ್ಡಪೈಪು ಮಾತ್ರ ಯಾರೋ ಆಚಾರಿ ಕೊಯ್ದು ನೀರಿನ ಪೈಪು ಬಡಿದಿದ್ದಾನೆ."

"ಥೂ, ಥೂ! ಅಂಥ ಗಾಡಿಗೆ ನೀರಿನ ಪೈಪಾ? ಕಿತ್ತು ಬಿಸಾಕು ಮಾರಾಯ. ಇದ್ರದ್ದು ತೆಗೆದು ಹಾಕು. ಫ್ಯಾಕ್ಟರಿ ಬಾಗಿಲಿಂದ ಹೆಂಗೆ ಬಂತೋ ಹಂಗೆ ನಿಲ್ಲಿಸು. ಆಗ ನಿನ್ನನ್ನ ಮಿಸ್ತ್ರಿ ಅಂತೀನಿ."

ಮಿಸ್ತ್ರಿ ಅನ್ನುವ ಆ ಒಂದು ಮಾತು ದೇವಪ್ಪನ ತಲೆಗೆ ಏರಿತು. ನೆಟ್ಟಗಿನ ಪೈಪು ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿನಲ್ಲಿ ಬಂದ. ಕೊಪ್ಪದ ಗ್ಯಾಸ್ ವೆಲ್ಡಿಂಗಿನವನ ಎದುರು ಕೂತು ಹಿತ್ತಾಳೆ ಬೆಸುಗೆ ಹಾಕಿಸಿದ. ಬೆಸುಗೆಯ ಗುರುತು ಕಾಣದ ಹಾಗೆ ಎರಡು ದಿನ ಅರದಿಂದ ಉಜ್ಜಿದ. ಕಪ್ಪು ಬಣ್ಣ ಮೂರು ಸಲ ಬಳಿದು, ಬೋರ್ಡು ಬರೆಯುವವನ ಸಣ್ಣ ಬ್ರಷ್ಷು ಬೇಡಿ ತಂದು, ಉಸಿರು ಹಿಡಿದು ಬಂಗಾರದ ಗೆರೆ ಎಳೆದ. ಆಚಾರಿಯ ನೀರಿನ ಪೈಪು ಶಾಪಿನ ಹೊರಗೆ ತುಕ್ಕು ರಾಶಿಗೆ ಬಿತ್ತು. ಎರಡು ದಿನ ಬಿಟ್ಟು ಗುಜರಿ ಗಾಡಿ ಬಂದು ರಾಶಿಯನ್ನೆಲ್ಲ ಎತ್ತಿಕೊಂಡು ಹೋಯಿತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಗುಡ್ಡಮ್ಮ ಬಂದಳು. ದೇವಪ್ಪ ಸೈಕಲ್ಲಿಗೆ ವನಜಮ್ಮನ ಹಳೆ ಸೀರೆ ಹೊದಿಸಿ ಇಟ್ಟಿದ್ದ. ಮದುಮಗಳ ಮುಸುಕು ತೆಗೆದ ಹಾಗೆ ತೆಗೆದ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಿದ್ದ ನಾಲ್ಕು ಜನ ಹತ್ತಿರ ಬಂದು ನೋಡಿದರು. ಅಂಥ ಚೆಂದ. ಐದು ಪುಟ್ಟ ಮನುಷ್ಯರು ಹಲ್ಲುಚಕ್ರದಲ್ಲಿ ಫಳಫಳ ಹೊಳೆಯುತ್ತಿದ್ದರು.

ಗುಡ್ಡಮ್ಮ ಒಂದು ಸುತ್ತು ಬಂದಳು. ಹ್ಯಾಂಡಲ್ ಮುಟ್ಟಿದಳು. ಸೀಟು ಮುಟ್ಟಿದಳು. ಸೀಟಿನಿಂದ ಹ್ಯಾಂಡಲಿಗೆ ನೆಟ್ಟಗೆ ಹೋಗಿದ್ದ ಪೈಪಿನ ಮೇಲೆ ಕೈ ಇಟ್ಟು ನಿಂತಳು. ಎಷ್ಟು ಹೊತ್ತಾದರೂ ಆ ಕೈ ಅಲ್ಲಿಂದ ಏಳಲಿಲ್ಲ.

"ಯಾರದ್ದು ದೇವಾ ಇದು?"

"ಎಂತ ಅಕ್ಕ ಹಂಗಂದ್ರೆ? ನಿಮ್ದೇ."

"ಇದು ಬಂಗಲೇದು. ದೊರೆ ತುಳೀತಿದ್ದಿದ್ದು. ನಂಗೆ ನೆನಪಿದೆ, ಚಿಕ್ಕೋಳಿದ್ದಾಗ ನೋಡಿದ್ದೆ, ಹಿಂಗೇ ಇತ್ತು. ಚೆನ್ನಾಗಿ ಮಾಡಿದ್ದೀಯ. ನಂದೆಲ್ಲಿ?"

ದೇವಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳ ಸೀರೆಯ ನೆರಿಗೆ ಕಂಡಿತು, ಪೈಪು ಕಂಡಿತು, ಅರವತ್ನಾಲ್ಕರ ಮೊಣಕಾಲು ಕಂಡಿತು. ಬೆಸೆದವನು, ಉಜ್ಜಿದವನು, ಬಂಗಾರದ ಗೆರೆ ಎಳೆದವನು, ಒಂದೇ ಒಂದು ಸಲವೂ ಆ ಸೈಕಲ್ಲಿನ ಮೇಲೆ ಅವಳನ್ನು ಕೂರಿಸಿ ಮನಸ್ಸಿನಲ್ಲಿ ನೋಡಿರಲಿಲ್ಲ. ಕಾಲದ ಸಾಮಾನು, ಕಾಲದ ಸಾಮಾನು ಅಂತ ಮೂರು ತಾಲ್ಲೂಕು ಸುತ್ತಿದ. ಯಾರ ಕಾಲ ಅಂತ ಕೇಳಿಕೊಳ್ಳಲಿಲ್ಲ. ಇಂಥ ತಪ್ಪು ಸಿಟ್ಟಿನಲ್ಲಿ ಆಗುವುದಿಲ್ಲ, ಬರೀ ಭಕ್ತಿಯಲ್ಲಿ ಆಗುತ್ತದೆ. ಪುಸ್ತಕಗಳಲ್ಲಿ ನಮ್ಮ ಚರಿತ್ರೆಯನ್ನೂ ಹೀಗೇ ಉಜ್ಜಿ ಹೊಳಪು ಕೊಟ್ಟು ನಿಲ್ಲಿಸಿದ್ದಾರೆ, ಆಳಿದವರ ಪೈಪು ನೆಟ್ಟಗೆ ಇಟ್ಟು, ತುಳಿದವರ ಪೈಪು ಗುಜರಿಗೆ ಹಾಕಿ.

"ಅಕ್ಕಾ..." ಅಂದ. ಎಣ್ಣೆಯ ಚಿಂದಿಯಿಂದಲೇ ಕಣ್ಣು ಒರೆಸಿಕೊಂಡ.

"ಅಳಬೇಡ ಮಾರಾಯ, ಬಸ್ಸಿನವ್ರು ನೋಡ್ತಿದ್ದಾರೆ. ಏನಾದ್ರೂ ಒಂದು ಪೈಪು ತಂದು ಬಗ್ಗಿಸಿ ಹಾಕು. ಕೂತ್ಕೊಳ್ಳೂಕೆ ಆದ್ರೆ ಸಾಕು."

"ಏನಾದ್ರೂ ಒಂದು ಆಗಲ್ಲ," ಅಂದ ದೇವಪ್ಪ. "ಅದೇ ಆಗ್ಬೇಕು."

ಕೊಪ್ಪದ ಗುಜರಿ ಅಂಗಳ ನಡೆಸುತ್ತಿದ್ದವಳು ಪುಟ್ಟಕ್ಕ. ದೊಡ್ಡ ಹೆಂಗಸು, ದೊಡ್ಡ ದನಿ. ದೇವಪ್ಪ ಮೊದಲ ಬಸ್ಸಿಗೇ ಹೋಗಿ ಇಳಿದಾಗ ಅವಳು ಹಲ್ಲುಜ್ಜುತ್ತಿದ್ದಳು.

"ಎಂತ ದೇವಣ್ಣ, ಮೊನ್ನೆ ನೀವೇ ಹಾಕಿದ್ದು, ಇವತ್ತು ನೀವೇ ಹುಡುಕೂಕೆ ಬಂದ್ರಾ? ಬಂಗಾರ ಏನಾದ್ರೂ ಸೇರಿಹೋಯ್ತಾ?"

"ಒಂದು ಪೈಪು ಪುಟ್ಟಕ್ಕ. ಒಂದೂವರೆ ಅಡಿ. ಬಗ್ಗಿದ್ದು."

"ಅಲ್ಲಿ ಸಾವಿರ ಪೈಪು ಬಿದ್ದಿದಾವೆ, ಎಲ್ಲಾ ಬಗ್ಗಿದ್ದೇ. ನಾನೂ ಬಗ್ಗಿದ್ದೀನಿ. ಹುಡ್ಕಿ. ನಾಳೆ ಲಾರಿ ಬರುತ್ತೆ, ಅಷ್ಟರೊಳಗೆ."

ಬಿಸಿಲು ಏರುವ ತನಕ ದೇವಪ್ಪ ಆ ರಾಶಿಯಲ್ಲಿ ಹುಡುಕಿದ. ಗುದ್ದಲಿ, ತಗಡಿನ ಡಬ್ಬ, ಅಡಿಕೆ ಬೇಯಿಸುವ ಹಂಡೆಯ ಕಿವಿ, ಬಸ್ಸಿನ ಬಂಪರು. ಪುಟ್ಟಕ್ಕ ಮೊದಲು ತಮಾಷೆ ಮಾಡಿದಳು, ಆಮೇಲೆ ಯಾರ ಸೈಕಲ್ಲು ಅಂತ ಕೇಳಿದಳು, ಕತೆ ಕೇಳಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೂ ರಾಶಿಗೆ ಇಳಿದಳು. "ನಮ್ಮಮ್ಮನೂ ಎಸ್ಟೇಟಿನ ಲೈನಲ್ಲೇ ನನ್ನ ಹೆತ್ತಿದ್ದು" ಅಂದಳು ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ದೇವಪ್ಪನ ಕೈಗೆ ಒಂದು ತುಂಡು ಬಂತು. ನೋಡುವ ಮೊದಲೇ ಬೆರಳಿಗೆ ತಿಳಿಯಿತು. ಸುತ್ತಿಗೆಯ ಪೆಟ್ಟಿನ ಕುಳಿಗಳು ಮೈತುಂಬ ಇದ್ದವು. ಆದರೆ ನಡುವಿನಲ್ಲಿ ಒಂದು ಗೇಣಿನಷ್ಟು ಜಾಗ ಮಾತ್ರ ಸವೆದು, ನುಣುಪಾಗಿ, ಕನ್ನಡಿಯ ಹಾಗಿತ್ತು. ಇಪ್ಪತ್ತೊಂದು ವರ್ಷ ಹತ್ತುವಾಗ ಅವಳ ಕಾಲು ಉಜ್ಜಿದ ಜಾಗ. ಇಳಿಯುವಾಗ ಉಜ್ಜಿದ ಜಾಗವೂ ಅದೇ.

ನೆಟ್ಟಗಿನ ಪೈಪನ್ನು ದೇವಪ್ಪ ಮತ್ತೆ ಕೊಯ್ದ. ಎಳೆದ ಬಂಗಾರದ ಗೆರೆ ಗರಗಸದ ಬಾಯಿಗೆ ಹೋಯಿತು, ಹೋಗಲಿ. ಆಚಾರಿಯ ಪೈಪನ್ನು ಅದರ ಹಳೆ ಜಾಗದಲ್ಲೇ ಬೆಸೆಸಿದ. ಅದಕ್ಕೆ ಬಣ್ಣ ಬಳಿಯಲಿಲ್ಲ, ಎಣ್ಣೆ ಹಚ್ಚಿ ಬಿಟ್ಟ. ಸೀಟು ಎರಡು ಇಂಚು ಇಳಿಸಿದ. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದ ಹಾಗೆ ಬಲೆ ಕಟ್ಟಬೇಕಿತ್ತು. ವನಜಮ್ಮ ಬಂದು ಕೂತು ದಾರದಲ್ಲಿ ತಾನೇ ಹೆಣೆದಳು, "ನಿಮ್ಮ ಕೈಗೆ ಬಿಟ್ರೆ ಇದನ್ನೂ ಇಂಗ್ಲೆಂಡಿನದ್ದೇ ಬೇಕು ಅಂತೀರಿ" ಅನ್ನುತ್ತ.

ಹಬ್ಬ ಕಳೆದು ಮೂರನೇ ದಿನ, ಬೆಳಿಗ್ಗೆ ಹತ್ತರ ಬಿಸಿಲು. ದೇವಪ್ಪ ಹಂಬರನ್ನೂ ತನ್ನ ಸೈಕಲ್ಲನ್ನೂ ಜೀಪಿನ ಮೇಲೆ ಹಾಕಿಸಿಕೊಂಡು ಲೈನಿಗೆ ಹೋದ. ಆ ದಾರಿಯಲ್ಲಿ ಅವನು ಸೈಕಲ್ ತುಳಿದು ಇಪ್ಪತ್ತು ವರ್ಷವಾಗಿತ್ತು, ಏನಿದ್ದರೂ ಜೀಪಿನಲ್ಲೇ. ಇವತ್ತು ಗುಡ್ಡಮ್ಮನ ಬೆನ್ನಿಗೆ ಇರಬೇಕು, ಚೈನು ಕಳಚಿದರೆ ಹಾಕಬೇಕು ಅಂತ ನಟ್ಟು ಬಿಚ್ಚುವ ಪಾನ, ಚಿಂದಿ ಎಲ್ಲ ಜೇಬಿಗೆ ತುಂಬಿಕೊಂಡಿದ್ದ.

ಗುಡ್ಡಮ್ಮನ ಮಗಳು ಪಾತ್ರೆಗಳೊಂದಿಗೆ ಟೆಂಪೋ ಹತ್ತಿದಳು. ಲೈನಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಗುಡ್ಡಮ್ಮ ಸೀರೆಯನ್ನು ಒಂದು ಮೊಳ ಮೇಲಕ್ಕೆ ಸಿಕ್ಕಿಸಿ, ಸೈಕಲ್ಲಿನ ಕಿವಿಯಲ್ಲಿ ಏನೋ ಹೇಳುವವಳ ಹಾಗೆ ಬಗ್ಗಿ, ಆಚಾರಿಯ ಪೈಪಿನ ಮೇಲಿಂದ ಕಾಲು ದಾಟಿಸಿದಳು. ಕೂತಳು. ಹದಿನೈದು ವರ್ಷದ ಮೇಲೆ. ಮೊದಲ ಹತ್ತು ಮಾರು ಅತ್ತಿತ್ತ ತೂಗಾಡಿತು.

"ಹಿಡ್ಕೊಳ್ಳಾ ಅಕ್ಕ?"

"ಮುಟ್ಟಿದ್ರೆ ನೋಡು!"

ಆಮೇಲೆ ನೆಟ್ಟಗಾಯಿತು. ಸಣ್ಣ ಏರು ಬಂದಾಗ ಅವಳು ಹ್ಯಾಂಡಲಿನಲ್ಲಿದ್ದ ಗೇರಿನ ಲಿವರು ಎಳೆದಳು. ಹಬ್ಬಿನ ಹೊಟ್ಟೆಯಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು ಬಂತು. ರೇಣುಕಪ್ಪನ ಡಬ್ಬಿಯಲ್ಲಿ ಮೂವತ್ತು ವರ್ಷ ಮಲಗಿದ್ದ ಹಲ್ಲು ಎದ್ದು ಕೆಲಸಕ್ಕೆ ಹತ್ತಿತ್ತು. ಹಿಂದಿನಿಂದ ಬರುತ್ತಿದ್ದ ದೇವಪ್ಪನಿಗೆ ಆ ಸದ್ದಿನಷ್ಟು ಇಂಪಾದದ್ದು ಇನ್ನೊಂದು ಕೇಳಿಸಿರಲಿಲ್ಲ.

ಮೊದಲ ಸಿಲ್ವರ್ ಮರ ಬಂತು. ಗುಡ್ಡಮ್ಮನ ಬೆನ್ನು ಒಂದು ಕ್ಷಣ ಬಿಗಿಯಾಯಿತು. ಪೆಡಲು ನಿಲ್ಲಲಿಲ್ಲ. ಮರ ಹಿಂದೆ ಹೋಯಿತು.

ಬಂಗಲೆಯ ಗೇಟಿನ ಹತ್ತಿರ ಮೂರು ನಾಲ್ಕು ಜನ ಸಿಟಿಯವರು ಚಡ್ಡಿ ಹಾಕಿಕೊಂಡು ಕಾಫಿ ಕುಡಿಯುತ್ತ ನಿಂತಿದ್ದರು. ಒಬ್ಬ ಹುಡುಗಿ ಕ್ಯಾಮರಾ ಎತ್ತಿ ಓಡಿ ಬಂದಳು. ಮುಖದಲ್ಲಿ ಏನೂ ಕೆಟ್ಟತನವಿರಲಿಲ್ಲ, ಖುಷಿಯೇ ಇತ್ತು.

"ಆಂಟಿ! ಆಂಟಿ, ಸೂಪರ್ ಸೈಕಲ್! ಒಂದ್ನಿಮಿಷ ಇಳೀರಿ ಆಂಟಿ, ಒಂದೇ ಒಂದು ಫೋಟೋ!"

ದೇವಪ್ಪ ಹಿಂದಿನಿಂದ ಕೇಳಿಸಿಕೊಂಡ. ಎಂಥ ಸಿಹಿಯಾದ ದನಿ. ಬೈದಿದ್ದರೆ ತಡೆಯಬಹುದಿತ್ತು, ಪ್ರೀತಿಯಿಂದ ಇಳಿ ಅಂದರೆ ಇಳಿಯದೇ ಇರುವುದು ಎಷ್ಟು ಕಷ್ಟ!

"ಇಳಿಯಲ್ಲ ಮಗಾ," ಅಂದಳು ಗುಡ್ಡಮ್ಮ, ಅಷ್ಟೇ ಪ್ರೀತಿಯಿಂದ, ತುಳಿಯುತ್ತಲೇ. "ಬೇಕಿದ್ರೆ ಓಡ್ತಾ ತೆಗಿ."

ಹುಡುಗಿ ನಗುತ್ತ ಪಕ್ಕದಲ್ಲಿ ಓಡಿದಳು. ಹತ್ತು ಮಾರು ಓಡಿ ಏದುಸಿರು ಬಿಟ್ಟು ನಿಂತಳು. ಗುಡ್ಡಮ್ಮ ಹೋಗುತ್ತಲೇ ಇದ್ದಳು. ಬೇಲಿ ಹಿಂದಕ್ಕೆ ಸರಿಯುತ್ತಿತ್ತು, ಸೀರೆಯ ಅಂಚು ವನಜಮ್ಮನ ಬಲೆಗೆ ತಾಗಿ ಪಟಪಟ ಅನ್ನುತ್ತಿತ್ತು. ಜಗಲಿ ಹೋಯಿತು, ಗೋಡೌನು ಹೋಯಿತು, ಹಳೆ ದವಾಖಾನೆಯ ಮುರಿದ ಮಾಡು ಹೋಯಿತು. ಆಚೆ ತುದಿಯ ಮರ ದಾಟಿದ ಮೇಲೆ ಬ್ರೇಕು ಹಿಡಿದಳು. ಒಂದು ಕಾಲನ್ನು ಮೈಲಿಗಲ್ಲಿನ ಮೇಲೆ ಊರಿ ಹಿಂದಕ್ಕೆ ತಿರುಗಿದಳು. ಅವಳ ಮುಖದ ಮೇಲೆ ನಗು, ಕಣ್ಣೀರು, ಬೆವರು ಒಂದಕ್ಕೊಂದು ಬೆರೆತಿದ್ದವು.

ಆಮೇಲೆ ನಗು ನಿಂತಿತು.

"ದೇವಾ! ಎಂತ ಮಾರಾಯ ಅದು?"

ದೇವಪ್ಪ ಹಿಂದೆ ತಿರುಗಿ ನೋಡಿದ, ಯಾರಿಗೆ ಹೇಳುತ್ತಿದ್ದಾಳೆ ಅಂತ. ಯಾರೂ ಇರಲಿಲ್ಲ. ಕೆಳಗೆ ನೋಡಿಕೊಂಡ. ಎರಡೂ ಕೈ ಹ್ಯಾಂಡಲ್ ಹಿಡಿದಿದ್ದವು. ಎರಡೂ ಕಾಲು ನೆಲದ ಮೇಲಿದ್ದವು. ಅವನು ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ.

ಯಾವಾಗ ಇಳಿದ? ಗೊತ್ತಿಲ್ಲ. ಅವಳ ಬೆನ್ನನ್ನೇ ನೋಡುತ್ತಿದ್ದ, ಟಿಕ್ ಟಿಕ್ ಕೇಳುತ್ತಿದ್ದ. ಮರ ಬಂದಾಗ ಅವನ ಕಾಲು ಅವನನ್ನು ಕೇಳದೆಯೇ ಇಳಿದುಬಿಟ್ಟಿತ್ತು. ಅವನಪ್ಪನ ಕಾಲು ಇಳಿದ ಹಾಗೆ, ಗದ್ದೆ ತನ್ನದಾದ ಮೇಲೂ ಇಳಿದ ಹಾಗೆ. ಧಣಿಯ ಜಗಲಿಯಲ್ಲಿ ಈಗ ಇದ್ದದ್ದು ಬಟ್ಟೆ ಒಣಹಾಕಿದ ಕುರ್ಚಿ. ದೇವಪ್ಪ ಇಳಿದದ್ದು ಆ ಕುರ್ಚಿಗೆ.

ನಾಚಿಕೆಯಿಂದ ಅವನ ಕಿವಿಯೆಲ್ಲ ಬಿಸಿಯಾಯಿತು. ತಲೆ ತಗ್ಗಿಸಿ ತಳ್ಳುತ್ತ ಅವಳ ಕಡೆಗೇ ಹೊರಟ.

"ನಿಲ್ಲು ಅಲ್ಲೇ!" ಅಂದಳು ಗುಡ್ಡಮ್ಮ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ನೋವು ತಿನ್ನುತ್ತಿರುವ ಬಸುರಿಗೆ ಇನ್ನೊಂದು ಸಲ ತಿಣುಕು ಅನ್ನುವಾಗ ಇರುವಂಥ ಗಟ್ಟಿತನ ಇತ್ತು. "ಹಂಗೆ ತಳ್ಕೊಂಡು ನನ್ನ ಹತ್ರ ಬರಬೇಡ. ಹೋಗು ವಾಪಸ್. ಮೊದಲ ಮರದಿಂದ ಬಾ."

"ಟೆಂಪೋ ಕಾಯ್ತಿರುತ್ತೆ ಅಕ್ಕ."

"ಕಾಯ್ಲಿ. ಅದ್ರಲ್ಲಿ ಇರೋದು ಮಗಳು, ಪಾತ್ರೆ ತಾನೆ."

ದೇವಪ್ಪ ಸೈಕಲ್ ತಿರುಗಿಸಿದ. ಗೇಟಿನ ವಾಚ್‌ಮ್ಯಾನ್ ಇದನ್ನೆಲ್ಲ ನೋಡುತ್ತ ನಿಂತಿದ್ದವನು, "ಎಂತ ಅಣ್ಣಾ, ಏನಾದ್ರೂ ಬಿದ್ದು ಹೋಯ್ತಾ?" ಅಂತ ಕೇಳಿದ.

"ಇಲ್ಲ ಮಾರಾಯ," ಅಂದ ದೇವಪ್ಪ. "ತಪ್ಪಿ ಇಳಿದುಬಿಟ್ಟೆ."

ಮೊದಲ ಮರದ ತನಕ ಹೋದ. ಮರವನ್ನೂ ದಾಟಿ ಇನ್ನೂ ಇಪ್ಪತ್ತು ಮಾರು ಹಿಂದೆ ಹೋದ, ವೇಗ ಬೇಕಲ್ಲ ಅಂತ. ಹತ್ತಿ ಕೂತ. ತುಳಿದ. ಮರ ಹತ್ತಿರ ಬಂದ ಹಾಗೆ ಬಲಗಾಲು ಪೆಡಲಿನಿಂದ ಮೆಲ್ಲಗೆ ಮೇಲೇಳುವುದು ಅವನಿಗೇ ಕಂಡಿತು, ಬೇರೆ ಯಾರದ್ದೋ ಕಾಲು ನೋಡಿದ ಹಾಗೆ. ದೇವಪ್ಪ ಅದಕ್ಕೆ ಕೆಟ್ಟದಾಗಿ ಬೈದ. ಬೈದು ಮತ್ತೆ ಪೆಡಲಿನ ಮೇಲೆ ಒತ್ತಿದ. ಅದು ಮತ್ತೆ ಎದ್ದಿತು, ಇವನು ಮತ್ತೆ ಒತ್ತಿದ.

ಆಚೆ ತುದಿಯಲ್ಲಿ ಗುಡ್ಡಮ್ಮ ಸೀಟು ಬಿಟ್ಟು ಇಳಿದಿರಲಿಲ್ಲ. ಒಂದು ಕಾಲು ಕಲ್ಲಿಗೆ ಕೊಟ್ಟು, ಕೂತೇ ಕಾಯುತ್ತಿದ್ದಳು.